ಕೂದಲೆಳೆಯಷ್ಟು ತಪ್ಪಿದ ನಗು

ಬುದ್ಧನ ವಿಗ್ರಹಗಳನ್ನು ಕೆತ್ತುವ ಜಪಾನಿನ ಶಿಲ್ಪಿಯೊಬ್ಬರು ಮಾಡಿದ ಮರದ ಕೈಯೊಂದರ ವರ್ಣನೆ ನನಗೆ ತುಂಬ ಇಷ್ಟ. ಅದರ ಬೆರಳುಗಳು ಗಿಣ್ಣುಗಿಣ್ಣಿನಲ್ಲೂ ಸಲೀಸಾಗಿ ಬಾಗುತ್ತವೆ. ತುದಿಯಲ್ಲಿ ಬೆರಳಚ್ಚಿನ ಗೆರೆಗಳಿಲ್ಲ, ಚರ್ಮದ ಬಣ್ಣ ಬಳಿದಿಲ್ಲ, ಮರದ ಮೈ ಮರದ್ದಾಗಿಯೇ ಉಳಿದಿದೆ. ಆದರೂ ಅದರ ದುಂಡು, ಅದರ ಬಳುಕು ಎಷ್ಟು ಚೆಂದವೆಂದರೆ ನೋಡಿದವರಿಗೆ ಮುಟ್ಟಬೇಕು ಅನ್ನಿಸುತ್ತದೆಯೇ ಹೊರತು ಮೈ ಜುಂ ಅನ್ನುವುದಿಲ್ಲ. ಇದನ್ನು ಬರೆದವರು ಕಲಾವಿಮರ್ಶಕರಲ್ಲ, ಟೋಕಿಯೊದಲ್ಲಿ ರೋಬೋಟ್ ವಿದ್ಯೆ ಕಲಿಸುತ್ತಿದ್ದ ಪ್ರಾಧ್ಯಾಪಕ ಮಸಾಹಿರೊ ಮೋರಿ. 1970ರಲ್ಲಿ ‘ಎನರ್ಜಿ’ ಎಂಬ ಪತ್ರಿಕೆಗೆ ಅವರು ಬರೆದ ಲೇಖನ ಕೆಲವೇ ಪುಟಗಳದ್ದು. ಮನುಷ್ಯನನ್ನು ಹೋಲುವ ಯಂತ್ರಗಳ ಬಗ್ಗೆ ಆಮೇಲೆ ಯಾರೇ ಮಾತಾಡಲಿ, ಆ ಪುಟಗಳನ್ನು ಹಾದೇ ಹೋಗಬೇಕಾಯಿತು.

ಮೋರಿ ಹೇಳಿದ್ದು ಇಷ್ಟು. ಕಾರ್ಖಾನೆಯ ರೋಬೋಟಿಗೆ ಮುಖವಿಲ್ಲ, ನಮಗೆ ಅದರ ಮೇಲೆ ಪ್ರೀತಿಯೂ ಇಲ್ಲ. ಎರಡು ಕಣ್ಣು, ಎರಡು ಕೈ ಇಟ್ಟ ಆಟಿಕೆಯ ರೋಬೋಟಿನ ಮೇಲೆ ಮಕ್ಕಳಿಗೆ ಅಕ್ಕರೆ ಹುಟ್ಟುತ್ತದೆ. ಹೋಲಿಕೆ ಹೆಚ್ಚಿದಂತೆ ಆಪ್ತತೆಯೂ ಏರುತ್ತದೆ, ಬೆಟ್ಟ ಹತ್ತಿದ ಹಾಗೆ. ಇನ್ನೇನು ಶಿಖರ ಬಂತು ಅನ್ನುವಾಗ ನೆಲ ಕುಸಿದು ಆಳವಾದ ಕಣಿವೆ ಎದುರಾಗುತ್ತದೆ. ಆ ಕಣಿವೆಯ ತಳದಲ್ಲಿ ಮೋರಿ ಇಟ್ಟ ವಸ್ತುಗಳಲ್ಲಿ ಒಂದು ಕೃತಕ ಕೈ. ನರ, ಸ್ನಾಯು, ಉಗುರು, ಬೆರಳಚ್ಚು ಎಲ್ಲ ಇರುವ, ಮೊದಲ ನೋಟಕ್ಕೆ ನಿಜವೆನ್ನಿಸುವ ಕೈ. ಕುಲುಕಲು ಹಿಡಿದಿರೋ, ಮೂಳೆಯಿಲ್ಲದ ಮೆದು, ಜೊತೆಗೆ ತಣ್ಣನೆಯ ಸ್ಪರ್ಶ. ನಿಜದ ಕೈಗೆ ತೀರ ಹತ್ತಿರವಾದ್ದು ಹೇಸಿಕೆ ಹುಟ್ಟಿಸಿತು, ಬಣ್ಣ ಕೂಡ ಬಳಿಯದ ಮರದ ಕೈ ಮನಸ್ಸು ಗೆದ್ದಿತು. ಒಂದೇ ಲೇಖನದಲ್ಲಿ ಈ ಎರಡು ಕೈಗಳನ್ನು ಇಟ್ಟಿರುವುದೇ ಅದರ ಸೊಗಸು.

ಅದೇ ವರ್ಷ ಒಸಾಕಾದಲ್ಲಿ ವಿಶ್ವ ವಸ್ತುಪ್ರದರ್ಶನ ನಡೆದಿತ್ತು. ಅಲ್ಲಿದ್ದ ರೋಬೋಟೊಂದರ ಮುಖದಲ್ಲಿ 29 ಜೊತೆ ಕೃತಕ ಸ್ನಾಯುಗಳಿದ್ದವು, ಅದು ನಗುತ್ತಿತ್ತು. ನಗು ಅನ್ನುವುದು ಮುಖದ ಮೇಲೆ ಹಚ್ಚಿಟ್ಟ ಆಕಾರವಲ್ಲ, ಒಂದು ಲಯದಲ್ಲಿ ಅರಳುವ ಕ್ರಿಯೆ ಎಂದು ಅದನ್ನು ಮಾಡಿದವರು ಕಂಡುಕೊಂಡಿದ್ದರು. ಅರಳುವ ವೇಗವನ್ನು ಅರ್ಧಕ್ಕೆ ಇಳಿಸಿದರೆ ಅದೇ ತುಟಿ, ಅದೇ ಕೆನ್ನೆ, ಆದರೆ ನಗು ಹೋಗಿ ಏನೋ ಕೇಡು ಮುಖದ ಮೇಲೆ ಹರಿದ ಹಾಗೆ ಕಾಣುತ್ತದೆ. ಮೋರಿ ಇದನ್ನು ಎರಡು ಮೂರು ವಾಕ್ಯಗಳಲ್ಲಿ ಹೇಳಿ ಮುಂದೆ ಹೋಗುತ್ತಾರೆ. ನಾನು ಮಾತ್ರ ಅಲ್ಲೇ ನಿಂತುಬಿಡುತ್ತೇನೆ. ಒಂದು ನಗು ಎಷ್ಟು ಹೊತ್ತಿನಲ್ಲಿ ಅರಳಬೇಕು ಎಂದು ನಮಗೆ ಯಾರೂ ಹೇಳಿಕೊಟ್ಟಿಲ್ಲ, ಕೇಳಿದರೆ ಹೇಳಲೂ ಬರುವುದಿಲ್ಲ. ಆದರೂ ತಪ್ಪಿದ ಗಳಿಗೆಯಲ್ಲೇ ಅದು ಕಣ್ಣಿಗೆ ಹೊಡೆಯುತ್ತದೆ. ಸಂಗೀತ ಕಲಿಯದವರೂ ಅಪಸ್ವರಕ್ಕೆ ಮುಖ ಕಿವುಚುತ್ತಾರಲ್ಲ, ಇದೂ ಹಾಗೆಯೇ. ಶ್ರುತಿಯಿಂದ ದೂರ ನಿಂತದ್ದು ಬೇರೊಂದು ಸ್ವರ, ಅದರ ಬಗ್ಗೆ ತಕರಾರಿಲ್ಲ. ಪಕ್ಕದಲ್ಲೇ ನಿಂತು ಕೂದಲೆಳೆಯಷ್ಟು ತಪ್ಪಿದ್ದು ಮಾತ್ರ ಸಹಿಸಲಾಗದ್ದು.

ಮನುಷ್ಯನ ಹಾಗಿರುವ ರೋಬೋಟ್ ಕಂಡು ಜನ ಹಿಂಜರಿದರೆ ಅದನ್ನು ಹಳೆಯ ಕಾಲದ ಅಂಜಿಕೆ ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಆ ಕಸಿವಿಸಿಯೇ ನಮ್ಮಲ್ಲಿರುವ ಅತಿ ನವುರಾದ ರಸಜ್ಞತೆ. ಕಾವ್ಯ ಓದದವರಲ್ಲೂ, ಚಿತ್ರ ನೋಡದವರಲ್ಲೂ ಅದು ಇದೆ. ನಮ್ಮ ಅತ್ತೆಗೆ ಒಮ್ಮೆ ಒಸಾಕಾ ವಿಶ್ವವಿದ್ಯಾಲಯದಲ್ಲಿ ತಯಾರಾದ ರೆಪ್ಲೀ ಕ್ಯೂ2 ಎಂಬ ಆಂಡ್ರಾಯ್ಡಿನ, ಅಂದರೆ ಮನುಷ್ಯರೂಪದ ರೋಬೋಟಿನ, ವಿಡಿಯೊ ತೋರಿಸಿದೆ, ಏನೆಂದು ಹೇಳದೆ. ಸ್ವಲ್ಪ ಹೊತ್ತು ನೋಡಿದರು.

“ಯಾರೋ ಈ ಹುಡುಗಿ? ಮೈಗೆ ಹುಷಾರಿಲ್ವಾ?”

“ಮನುಷ್ಯರಲ್ಲ ಅತ್ತೆ, ಮೆಷೀನು.”

“ಹೌದಾ? ಮತ್ತೆ ಹಾಗಂತ ಕಾಣೋ ಹಾಗೆ ಮಾಡಬಾರದಾ? ತೆಗಿ ಅತ್ಲಾಗೆ, ಒಂಥರಾ ಆಗುತ್ತೆ.”

ಅತ್ತೆ ಮೋರಿಯವರನ್ನು ಓದಿದವರಲ್ಲ. ಆದರೆ ಮೋರಿ ತಮ್ಮ ಕಣಿವೆಯ ತಳದಲ್ಲಿ ಕೊನೆಗೆ ಕಂಡದ್ದು ಸಾವನ್ನೇ. ಜೀವ ಹೋದ ದೇಹ ತಣ್ಣಗಾಗುತ್ತದೆ, ಬಣ್ಣ ಬದಲಾಗುತ್ತದೆ, ಚಲನೆ ನಿಲ್ಲುತ್ತದೆ; ಹೆಣದಂಥ ಹತ್ತಿರದ ಅಪಾಯಗಳಿಂದ ನಮ್ಮನ್ನು ದೂರವಿಡಲೆಂದೇ ಈ ಕಸಿವಿಸಿ ಇರಬಹುದು ಎಂದು ಅವರು ಊಹಿಸಿದ್ದರು. “ಮೈಗೆ ಹುಷಾರಿಲ್ವಾ” ಎಂಬ ಪ್ರಶ್ನೆ ಅಲ್ಲಿಂದ ದೂರವೇನಿಲ್ಲ. ಇದು ಮನುಷ್ಯರಿಗಷ್ಟೇ ಸೇರಿದ್ದೂ ಅಲ್ಲವಂತೆ. 2009ರಲ್ಲಿ ಪ್ರಿನ್ಸ್‌ಟನ್ನಿನ ಸಂಶೋಧಕರು ಐದು ಮಂಗಗಳಿಗೆ ಮೂರು ಬಗೆಯ ಮಂಗನ ಮುಖ ತೋರಿಸಿದರು: ನಿಜದ್ದು, ಒರಟಾಗಿ ಗಣಕದಲ್ಲಿ ಬರೆದದ್ದು, ತೀರ ನಿಜವೆನ್ನಿಸುವಂತೆ ಗಣಕದಲ್ಲಿ ಬರೆದದ್ದು. ಮೊದಲ ಎರಡನ್ನು ಅವು ಹೆಚ್ಚು ಹೊತ್ತು ನೋಡಿದವು. ಮೂರನೆಯದರಿಂದ ಬೇಗ ಕಣ್ಣು ತಿರುಗಿಸಿದವು.

ಈ ಸಂಗತಿಯನ್ನು ರೋಬೋಟ್ ಹುಟ್ಟುವುದಕ್ಕೂ ಮೊದಲೇ ಹೇಳಿದವರು ಜಪಾನಿನಲ್ಲೇ ಇದ್ದರು. ಗೊಂಬೆಯಾಟಕ್ಕೆ ನಾಟಕ ಬರೆದ ಮಹಾಕವಿ ಚಿಕಮತ್ಸು ಮೊಂಜಯೆಮೊನ್. 1703ರಲ್ಲಿ ರಂಗಕ್ಕೆ ಬಂದ ಅವರ ‘ಸೊನೆಜಾಕಿ ಶಿಂಜು’ ಇವತ್ತಿಗೂ ಆಡುತ್ತಿದೆ. ಕಲೆಯ ಬಗ್ಗೆ ಅವರು ಆಡಿದ ಮಾತುಗಳನ್ನು ಅವರ ನಿಧನದ ನಂತರ, 1738ರಲ್ಲಿ ಅಚ್ಚಾದ ‘ನಾನಿವಾ ಮಿಯಾಗೆ’ ಎಂಬ ಪುಸ್ತಕದಲ್ಲಿ ಪರಿಚಿತರೊಬ್ಬರು ದಾಖಲಿಸಿದ್ದಾರೆ. ಅದರಲ್ಲಿ ಒಂದು ಕತೆಯಿದೆ. ಅರಮನೆಯ ಹೆಣ್ಣೊಬ್ಬಳಿಗೆ ಒಬ್ಬ ಪ್ರಿಯಕರ. ಸುಲಭವಾಗಿ ಭೇಟಿಯಾಗುವ ಹಾಗಿಲ್ಲ. ಅವನ ರೂಪವನ್ನೇ ಮರದಲ್ಲಿ ಕೆತ್ತಿಸಿಕೊಂಡಳು. ಸಾಮಾನ್ಯ ಗೊಂಬೆಯಲ್ಲ, ಮೈಬಣ್ಣ ಅದೇ, ಚರ್ಮದ ರಂಧ್ರಗಳೂ ಅವೇ, ಕಿವಿ ಮೂಗು ಹಲ್ಲುಗಳಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಅವನನ್ನೇ ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾಡಿದ್ದರಿಂದ ಇಬ್ಬರಿಗೂ ಇದ್ದ ಭೇದ ಒಂದೇ, ಜೀವ ಇರುವುದು, ಇಲ್ಲದಿರುವುದು. ಆದರೆ ಆ ವಿಗ್ರಹವನ್ನು ಹತ್ತಿರದಿಂದ ನೋಡಿದಾಗ ಅವಳಿಗೆ ಭಯ ಹಿಡಿಯಿತು. ಪ್ರೀತಿ ತಣ್ಣಗಾಯಿತು. ಅದು ಮನೆಯಲ್ಲಿರುವುದೇ ಬೇಡವಾಗಿ ಎಸೆದುಬಿಟ್ಟಳು. ಕಲೆ ಬದುಕುವುದು ನಿಜಕ್ಕೂ ನಿಜವಲ್ಲದ್ದಕ್ಕೂ ನಡುವಿನ ತೆಳು ಪೊರೆಯಲ್ಲಿ ಅನ್ನುವುದು ಚಿಕಮತ್ಸು ತಿಳಿವಳಿಕೆ. ಆ ಪೊರೆ ಹರಿಯುವಷ್ಟು ನಿಜದ ಕಡೆಗೆ ಹೋದದ್ದೇ ಅವಳ ವಿಗ್ರಹಕ್ಕೆ ಮುಳುವಾಯಿತು.

ಚಿಕಮತ್ಸು ಈ ಮಾತನ್ನು ಸುಮ್ಮನೆ ಆಡಿದ್ದಲ್ಲ, ಕಣ್ಣೆದುರಿಗೆ ಗೊಂಬೆಗಳನ್ನು ಇಟ್ಟುಕೊಂಡೇ ಆಡಿದ್ದು. ಇವತ್ತು ಬುನ್ರಾಕು ಎಂದು ಕರೆಯುವ ಆ ಕಲೆಯನ್ನು ಎಷ್ಟು ನೋಡಿದರೂ ತೃಪ್ತಿಯಾಗದು. ಗೊಂಬೆಯ ತಲೆ ಹಿನೊಕಿ ಮರದ್ದು, ಮೇಲೆ ಸಿಂಪಿಚಿಪ್ಪಿನ ಪುಡಿಯ ಬಿಳಿ ಲೇಪ. ಎತ್ತರ ಮನುಷ್ಯನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಒಂದು ಗೊಂಬೆಗೆ ಮೂವರು ಆಡಿಸುವವರು. ಮುಖ್ಯಸ್ಥ ತಲೆಯನ್ನೂ ಬಲಗೈಯನ್ನೂ ಹಿಡಿಯುತ್ತಾನೆ, ಎರಡನೆಯವನು ಎಡಗೈಯನ್ನು, ಮೂರನೆಯವನು ಕಾಲುಗಳನ್ನು. ಕಾಲಿಗೇ ಹತ್ತು ವರ್ಷ, ಎಡಗೈಗೆ ಹತ್ತು ವರ್ಷ ದುಡಿಯಬೇಕು ಎಂಬುದು ಅಲ್ಲಿನ ವಾಡಿಕೆಯ ಮಾತು. ಇಬ್ಬರು ಕಪ್ಪು ಮುಸುಕು ಹಾಕಿರುತ್ತಾರೆ. ಮುಖ್ಯಸ್ಥ ಬಹಳ ಸಲ ತೆರೆದ ಮುಖದಲ್ಲೇ, ಎಲ್ಲರಿಗೂ ಕಾಣುವಂತೆ, ಗೊಂಬೆಯ ಹಿಂದೆ ನಿಂತಿರುತ್ತಾನೆ. ಆ ಮುಖದಲ್ಲಿ ಯಾವ ಭಾವವೂ ಇರುವುದಿಲ್ಲ. ಇರುವ ಭಾವವೆಲ್ಲ ಗೊಂಬೆಗೆ ಹೋಗಿರುತ್ತದೆ.

ಹೆಣ್ಣು ಗೊಂಬೆಗಳಿಗೆ ಸಾಮಾನ್ಯವಾಗಿ ಕಾಲೇ ಇರುವುದಿಲ್ಲ. ಮೂರನೆಯವನು ಕಿಮೊನೊದ ಅಂಚನ್ನು ಚಿಮ್ಮಿಸಿ ನಡಿಗೆ ಹುಟ್ಟಿಸುತ್ತಾನೆ, ಒಳಗಿನಿಂದ ಮುಷ್ಟಿ ಒತ್ತಿ ಮಂಡಿಯನ್ನು ಸೃಷ್ಟಿಸುತ್ತಾನೆ. ಅವಳು ಕೂತಳು ಎಂದು ನಾವು ನಂಬುವುದು ಬಟ್ಟೆಯೊಳಗಿನ ಎರಡು ಮುಷ್ಟಿಗಳನ್ನು ನೋಡಿ. ಇನ್ನೂ ಒಂದು ಸೂಕ್ಷ್ಮವಿದೆ. ಕೆಲವು ಹೆಣ್ಣು ತಲೆಗಳ ತುಟಿಯ ಮೂಲೆಯಲ್ಲಿ ಕಣ್ಣಿಗೆ ಬೀಳದಂಥ ಒಂದು ಪುಟ್ಟ ಸೂಜಿಮೊನೆ. ದುಃಖ ತಡೆಯಲಾರದ ಗಳಿಗೆಯಲ್ಲಿ ಗೊಂಬೆ ತೋಳನ್ನು ಮುಖದ ಹತ್ತಿರ ತರುತ್ತದೆ, ಬಟ್ಟೆ ಆ ಮೊನೆಗೆ ಸಿಕ್ಕಿಕೊಳ್ಳುತ್ತದೆ, ಮುಖ ಪಕ್ಕಕ್ಕೆ ಹೊರಳುತ್ತದೆ. ಅಳು ಹೊರಬರದಂತೆ ತೋಳಂಚನ್ನು ಕಚ್ಚಿ ಹಿಡಿದ ಹೆಣ್ಣು ನಮ್ಮೆದುರು ಇರುತ್ತಾಳೆ. ಮುಖದ ಒಂದು ಗೆರೆಯೂ ಅಲುಗಿಲ್ಲ. 29 ಜೊತೆ ಸ್ನಾಯುಗಳು ಮಾಡಲಾರದ್ದನ್ನು ಒಂದು ಸೂಜಿ ಮಾಡಿತು. ಆಡಿಸುವ ಮೂವರನ್ನೂ ಕಣ್ಣಾರೆ ನೋಡುತ್ತ ನೋಡುತ್ತಲೇ ನಾವು ಅಳುತ್ತಿರುತ್ತೇವೆ. ಮೋರಿ ತಮ್ಮ ನಕ್ಷೆಯಲ್ಲಿ ಬುನ್ರಾಕು ಗೊಂಬೆಯನ್ನು ಇಟ್ಟದ್ದು ಕಣಿವೆಯಾಚೆಯ ಏರಿನಲ್ಲಿ, ಆರೋಗ್ಯವಂತ ಮನುಷ್ಯನಿಗೆ ಹತ್ತಿರದಲ್ಲಿ. ಗಾತ್ರದಲ್ಲಿ, ಚರ್ಮದಲ್ಲಿ ಹೋಲಿಕೆ ಅಷ್ಟಕ್ಕಷ್ಟೇ ಎಂದು ಅವರಿಗೂ ಗೊತ್ತಿತ್ತು. ರಂಗದಿಂದ ದೂರ ಕೂತು ಆಟದಲ್ಲಿ ಮುಳುಗಿದವನಿಗೆ ಅಂಥ ಲೆಕ್ಕಗಳು ಉಳಿಯುವುದಿಲ್ಲ.

ಇಲ್ಲಿ ನನಗೆ ಶ್ರೀಶಂಕುಕ ನೆನಪಾಗುತ್ತಾನೆ. ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯ ಮೂಲಕ ಕನ್ನಡಿಗರಿಗೆ ಪರಿಚಿತನಾದ ಆ ಕಾಶ್ಮೀರದ ಆಲಂಕಾರಿಕ ಕೇಳಿದ ಪ್ರಶ್ನೆ: ರಾಮನ ವೇಷದ ನಟನನ್ನು ನೋಡುವಾಗ ಪ್ರೇಕ್ಷಕನ ಮನಸ್ಸಿನಲ್ಲಿ ಇರುವುದು ಎಂಥ ಅರಿವು? ‘ಇವನೇ ರಾಮ’ ಎಂಬ ನಿಶ್ಚಯವಲ್ಲ. ‘ಇವನು ರಾಮನಲ್ಲ’ ಎಂಬ ನಿರಾಕರಣೆಯಲ್ಲ. ‘ರಾಮನೋ ಅಲ್ಲವೋ’ ಎಂಬ ಸಂಶಯವಲ್ಲ. ‘ರಾಮನ ಹಾಗಿದ್ದಾನೆ’ ಎಂಬ ಹೋಲಿಕೆಯೂ ಅಲ್ಲ. ಚಿತ್ರದಲ್ಲಿ ಬರೆದ ಕುದುರೆಯನ್ನು ನೋಡಿ ‘ಕುದುರೆ’ ಅನ್ನುತ್ತೇವಲ್ಲ, ಅಂಥದ್ದು. ಇದೇ ಚಿತ್ರತುರಗ ನ್ಯಾಯ. ರಸದ ಬಗ್ಗೆ ಶಂಕುಕನ ಒಟ್ಟು ವಾದವನ್ನು ಅಭಿನವಗುಪ್ತ ಒಪ್ಪಲಿಲ್ಲ, ಅದಕ್ಕೆ ಅವನ ಕಾರಣಗಳು ಗಟ್ಟಿಯಾಗಿವೆ. ಆದರೆ ಆಂಡ್ರಾಯ್ಡಿನ ಎದುರು ನಿಂತಾಗ ಶಂಕುಕನ ಪಟ್ಟಿ ಎಷ್ಟು ಚುರುಕಾಗಿ ಕೆಲಸ ಮಾಡುತ್ತದೆ ನೋಡಿ. ಬುನ್ರಾಕು ಗೊಂಬೆ ಚಿತ್ರದ ಕುದುರೆ. ಸಿಲಿಕೋನ್ ಚರ್ಮದ ಆಂಡ್ರಾಯ್ಡ್ ನಮ್ಮನ್ನು ಅವನು ಹೊರಗಿಟ್ಟ ಮೂರನೆಯ ಕೋಣೆಗೆ ನೂಕುತ್ತದೆ: ಹೌದೋ, ಅಲ್ಲವೋ? ಸಂಶಯವಿದ್ದಲ್ಲಿ ರಸಕ್ಕೆ ಎಡೆಯಿಲ್ಲ. ಮನಸ್ಸು ಆಸ್ವಾದಿಸುವುದನ್ನು ಬಿಟ್ಟು ಪತ್ತೆ ಮಾಡಲು ತೊಡಗುತ್ತದೆ, ಎವೆಯಿಕ್ಕಿತೇ, ಉಸಿರಾಡಿತೇ ಎಂದು.

ಈ ಪತ್ತೆದಾರಿಕೆ ಎಷ್ಟು ಬೇಗ ಶುರುವಾಗುತ್ತದೆ ಎಂಬುದನ್ನು ಒಸಾಕಾದ ಹಿರೋಶಿ ಇಶಿಗುರೊ ಅವರ ತಂಡ ಪರೀಕ್ಷೆ ಮಾಡಿಯೇ ನೋಡಿತು. ಪರದೆ ಸರಿಯುತ್ತದೆ, ಎರಡು ಸೆಕೆಂಡು ಆಂಡ್ರಾಯ್ಡ್ ಕಾಣುತ್ತದೆ, ಪರದೆ ಮುಚ್ಚುತ್ತದೆ. ನೋಡಿದವರು ಬಟ್ಟೆಯ ಬಣ್ಣ ಹೇಳಬೇಕು. ಆಂಡ್ರಾಯ್ಡ್ ಅಲುಗದೆ ಕೂತಿದ್ದಾಗ ಹೆಚ್ಚಿನ ಜನ ಇದು ಮನುಷ್ಯರಲ್ಲ ಎಂದು ಕಂಡುಹಿಡಿದರು. ನಾವು ಸುಮ್ಮನೆ ಕೂತಾಗಲೂ ನಮಗೇ ಗೊತ್ತಿಲ್ಲದೆ ಮಿಸುಕಾಡುತ್ತೇವಲ್ಲ, ಆ ಬಗೆಯ ಸಣ್ಣ ಚಲನೆಗಳನ್ನು ಸೇರಿಸಿದಾಗ ಹತ್ತರಲ್ಲಿ ಏಳು ಮಂದಿಗೆ ಗೊತ್ತಾಗಲೇ ಇಲ್ಲ. ಆದರೆ ಇದು ಎರಡು ಸೆಕೆಂಡಿನ ಗೆಲುವು. ಎದುರು ಕೂತು ಮಾತಿಗಿಳಿದರೆ ಕಣ್ಣು ತನ್ನ ಕೆಲಸ ಮಾಡಿಯೇ ತೀರುತ್ತದೆ.

ನಮ್ಮತ್ತೆ ನೋಡಿದ ರೆಪ್ಲೀ ಕ್ಯೂ2 ಇಶಿಗುರೊ ಅವರದ್ದೇ. ಒತ್ತಿದ ಗಾಳಿಯಿಂದ ನಡೆಯುವ 42 ಚಾಲಕಗಳು ಅದರ ಮೈಯೊಳಗಿವೆ. ಅದರ ವಿಡಿಯೊಗಳನ್ನು ಇಟ್ಟುಕೊಂಡು ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಯ್ಶೆ ಸೈಗಿನ್ ಮತ್ತು ಸಂಗಡಿಗರು ಮಿದುಳಿನ ಸ್ಕ್ಯಾನ್ ಮಾಡಿದರು. ಒಂದೇ ಕೈಬೀಸನ್ನು ಮೂವರು ಮಾಡುತ್ತಾರೆ: ನಿಜದ ಹೆಂಗಸು, ಆಂಡ್ರಾಯ್ಡ್, ಚರ್ಮ ಕಳಚಿ ತಂತಿ ಲೋಹ ತೋರುವ ಅದೇ ಆಂಡ್ರಾಯ್ಡ್. ಮೊದಲನೆಯದರಲ್ಲಿ ರೂಪವೂ ಚಲನೆಯೂ ಜೈವಿಕ, ಮೂರನೆಯದರಲ್ಲಿ ಎರಡೂ ಯಾಂತ್ರಿಕ. ಮಿದುಳು ಎರಡನ್ನೂ ಒಂದೇ ಬಗೆಯಲ್ಲಿ ಸ್ವೀಕರಿಸಿತು. ರೂಪ ಮನುಷ್ಯನದ್ದು, ಚಲನೆ ಯಂತ್ರದ್ದು ಆದ ಎರಡನೆಯದಕ್ಕೆ ಮಾತ್ರ ಕಣ್ಣಿನ ನೋಟವನ್ನೂ ಮೈಯ ಚಲನೆಯ ಅರಿವನ್ನೂ ಬೆಸೆಯುವ ಭಾಗಗಳು ಎದ್ದು ಕೂತವು. ನಿರೀಕ್ಷೆ ಒಂದು, ಬಂದದ್ದು ಇನ್ನೊಂದು. ಚರ್ಮ ತೆಗೆದರೆ ತೊಂದರೆಯೇ ಇಲ್ಲ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಕ್ಯೋಟೊದ ಕೊದಾಯ್‌ಜಿ ಬೌದ್ಧ ಮಂದಿರದವರು ಅದನ್ನು ಬಲ್ಲವರಂತೆ ನಡೆದುಕೊಂಡಿದ್ದಾರೆ. 2019ರಲ್ಲಿ ಅಲ್ಲಿ ಇಶಿಗುರೊ ಬಳಗದ ಸಹಾಯದಿಂದ ಮಿಂದರ್ ಎಂಬ ಆಂಡ್ರಾಯ್ಡ್ ಬಂತು, ಅವಲೋಕಿತೇಶ್ವರನ ರೂಪದಲ್ಲಿ ‘ಹೃದಯ ಸೂತ್ರ’ವನ್ನು ಬೋಧಿಸಲು. ಎತ್ತರ 195 ಸೆಂಟಿಮೀಟರ್. ಮುಖ, ಕೈ, ಭುಜಗಳಿಗಷ್ಟೇ ಸಿಲಿಕೋನ್ ಚರ್ಮ. ಉಳಿದದ್ದೆಲ್ಲ ಬತ್ತಲೆ ಅಲ್ಯೂಮಿನಿಯಂ. ತಲೆಯ ಮೇಲ್ಭಾಗ ಮುಚ್ಚಿಲ್ಲ, ತಂತಿಗಳು ಕಾಣುತ್ತವೆ. ಗಂಡೂ ಅಲ್ಲ ಹೆಣ್ಣೂ ಅಲ್ಲದ ಶಾಂತ ಮುಖ, ನಿಧಾನವಾಗಿ ಜೋಡಿಸುವ ಕೈಗಳು, ಅದರ ಕೆಳಗೆ ಕೀಲುಗಳ ಸಾಲು. ಕೆಲವರಿಗೆ ಇದು ಹಿಡಿಸಲಿಲ್ಲ, ಹೆದರಿಕೆ ಹುಟ್ಟಿಸುತ್ತದೆ ಎಂದರು. ಅವರ ಕಣ್ಣನ್ನು ನಾನು ತಪ್ಪು ಹೇಳಲಾರೆ. ಆದರೆ ಮುಚ್ಚಿಡದ ಆ ತಲೆ ನನಗೆ ಪ್ರಾಮಾಣಿಕವಾಗಿ ಕಾಣುತ್ತದೆ. ನಾನು ಏನು ಎಂದು ಹೇಳಿಯೇ ಮಾತು ಶುರುಮಾಡುವ ಮುಖ ಅದು.

ಯುರೋಪಿನ ಒಂದು ಗೊಂಬೆಯನ್ನು ಇಲ್ಲಿ ಬಿಡಲು ಮನಸ್ಸಾಗುವುದಿಲ್ಲ. ಸ್ವಿಟ್ಜರ್ಲೆಂಡಿನ ನೂಷಾಟೆಲ್ ವಸ್ತುಸಂಗ್ರಹಾಲಯದಲ್ಲಿರುವ ಸಂಗೀತಗಾರ್ತಿ. ಗಡಿಯಾರ ಮಾಡುವ ಜಾಕೆ-ದ್ರೋ ಮನೆತನದವರು 1768ರಿಂದ 1774ರವರೆಗೆ ಮಾಡಿದ ಮೂರು ಯಂತ್ರಗೊಂಬೆಗಳಲ್ಲಿ ಒಬ್ಬಳು. ಹುಡುಗ ಬರಹಗಾರನಿಗೆ ಸುಮಾರು 6000 ಬಿಡಿಭಾಗಗಳು; ಅವನು ಶಾಯಿಯಲ್ಲಿ ಗರಿಯ ಲೇಖನಿ ಅದ್ದಿ, ಕೊಡವಿ, ಬರೆಯುವ ಅಕ್ಷರದ ಮೇಲೆ ಕಣ್ಣಿಟ್ಟು ಬರೆಯುತ್ತಾನೆ. ಚಿತ್ರಗಾರ ಹುಡುಗ ಕಾಗದದ ಮೇಲಿನ ಪುಡಿಯನ್ನು ಬಾಯಿಂದ ಊದುತ್ತಾನೆ. ಸಂಗೀತಗಾರ್ತಿಯೋ ನಿಜವಾದ ಆರ್ಗನ್ನಿನ ಮನೆಗಳನ್ನು ತನ್ನ ಬೆರಳುಗಳಿಂದಲೇ ಒತ್ತಿ ನುಡಿಸುತ್ತಾಳೆ. ಕಣ್ಣು ಬೆರಳಿನ ಜೊತೆ ಹೋಗುತ್ತದೆ, ಎದೆ ಏರಿ ಇಳಿಯುತ್ತದೆ. ವಿಡಿಯೊದಲ್ಲಿ ನೋಡುವಾಗಲೂ ಆ ಏರಿಳಿತದ ಮೇಲೆ ನನ್ನ ಗಮನ ನೆಟ್ಟು ಹೋಗುತ್ತದೆ. ನುಡಿಸುವಾಗ ಆ ಉಸಿರು ಸಂಗೀತಕ್ಕೆ ಸೇರಿದ್ದು, ಚೆಲುವು. ಕೈ ಸುಮ್ಮನಿದ್ದು ಎದೆ ಮಾತ್ರ ಆಡುವಾಗ ಮೋರಿಯ ಕಣಿವೆಯ ಅಂಚು ಅಲ್ಲೇ ಕಾಲಬುಡದಲ್ಲಿ ಇದೆ ಅನ್ನಿಸುತ್ತದೆ. ಬೆರಳು ಮತ್ತೆ ಮನೆಗಳ ಮೇಲೆ ಇಳಿದ ಕೂಡಲೇ ಅವಳು ನಮ್ಮವಳು.

ಇಷ್ಟಾದ ಮೇಲೆ ಇಶಿಗುರೊ ಮಾಡುವುದೆಲ್ಲ ವ್ಯರ್ಥ ಎಂದು ನಾನು ಹೇಳುತ್ತಿಲ್ಲ. 2006ರಲ್ಲಿ ಅವರು ತಮ್ಮದೇ ಪ್ರತಿರೂಪವಾದ ಜೆಮಿನಾಯ್ಡ್ ಮಾಡಿಕೊಂಡರು. ದೂರದಲ್ಲಿ ಕೂತು ಅದರ ಮೂಲಕ ಮಾತಾಡುತ್ತಿದ್ದಾಗ ಯಾರೋ ಜೆಮಿನಾಯ್ಡಿನ ಕೆನ್ನೆ ಮುಟ್ಟಿದರೆ ತಮ್ಮ ಕೆನ್ನೆಯೇ ಮುಟ್ಟಿಸಿಕೊಂಡಂತೆ ಅವರಿಗೆ ಭಾಸವಾಗಿತ್ತು. ಆ ಅನುಭವದಲ್ಲಿ ದೊಡ್ಡ ಪ್ರಶ್ನೆಯಿದೆ. ಆದರೆ ಅವರ ಆಂಡ್ರಾಯ್ಡುಗಳಲ್ಲಿ ನನಗೆ ರಸ ಸಿಕ್ಕಿದ್ದು ಪ್ರಯೋಗಾಲಯದಲ್ಲಲ್ಲ, ರಂಗಭೂಮಿಯಲ್ಲಿ.

2010ರಲ್ಲಿ ನಾಟಕಕಾರ ಒರಿಜಾ ಹಿರಾತಾ ‘ಸಯೊನಾರಾ’ ಎಂಬ ಕಿರುನಾಟಕ ಮಾಡಿದರು. ಸಾವಿನ ಅಂಚಿನಲ್ಲಿರುವ ಹುಡುಗಿ, ಅವಳಿಗೆ ಕವಿತೆ ಓದಿ ಹೇಳಲು ಹೆತ್ತವರು ತಂದ ಆಂಡ್ರಾಯ್ಡ್. ಹುಡುಗಿಯ ಪಾತ್ರಕ್ಕೆ ನಟಿ, ಆಂಡ್ರಾಯ್ಡಿನ ಪಾತ್ರಕ್ಕೆ ಜೆಮಿನಾಯ್ಡ್ ಎಫ್. ಇದರಲ್ಲಿ ಚಾಲಕಗಳು ಬರೇ 12. ಮುಂಚಿನ ಜೆಮಿನಾಯ್ಡಿನಲ್ಲಿ 50 ಇದ್ದವು. ಹೆಚ್ಚು ಆಡಲಾರದ ಮುಖ, ಏಳಲಾರದ ಮೈ. ಅದು ತಲೆ ಓರೆಮಾಡಿ ಕವಿತೆ ಹೇಳುತ್ತದೆ, ಹುಡುಗಿ ಕೇಳುತ್ತಾಳೆ. ಇಬ್ಬರೂ ಹೆಚ್ಚು ಅಲುಗುವುದಿಲ್ಲ, ಒಬ್ಬಳು ಯಂತ್ರವಾದ್ದರಿಂದ, ಇನ್ನೊಬ್ಬಳಲ್ಲಿ ಶಕ್ತಿ ಉಳಿದಿಲ್ಲವಾದ್ದರಿಂದ. ಅದರ ಚಿತ್ರೀಕರಣ ನೋಡುವಾಗ ನನ್ನ ಕಣ್ಣು ಪತ್ತೆದಾರಿಕೆಯನ್ನು ತಾನಾಗಿಯೇ ಬಿಟ್ಟುಕೊಟ್ಟಿತು. ಯಾಕೆಂದರೆ ಅಲ್ಲಿ ಆಂಡ್ರಾಯ್ಡ್ ಮನುಷ್ಯಳಂತೆ ನಟಿಸುತ್ತಿಲ್ಲ, ಆಂಡ್ರಾಯ್ಡಿನ ಪಾತ್ರವನ್ನೇ ವಹಿಸಿದೆ. ‘ಹೌದೋ ಅಲ್ಲವೋ’ ಎಂಬ ಪ್ರಶ್ನೆಯೇ ಎದ್ದಿಲ್ಲ. ತಡವಾಗಿ ಬರುವ ಎವೆಬಡಿತ, ಅರಳಿ ಮುಗಿಯದ ಮುಗುಳ್ನಗೆ, ಪ್ರಯೋಗಾಲಯದಲ್ಲಿ ಕೊರತೆಯಾಗಿದ್ದವೆಲ್ಲ ಇಲ್ಲಿ ಕರುಣ ರಸದ ವಿಭಾವಗಳಾಗಿವೆ. 2015ರಲ್ಲಿ ಕೋಜಿ ಫುಕಾದಾ ಇದನ್ನು ಸಿನಿಮಾ ಮಾಡಿದಾಗ ನಡೆಯಲು ಬಾರದ ಆಂಡ್ರಾಯ್ಡನ್ನು ಗಾಲಿಕುರ್ಚಿಯಲ್ಲಿ ಕೂರಿಸಿದರು. ಅದೂ ಕತೆಗೆ ಸೇರಿಕೊಂಡಿತು.

2011ರ ಭೂಕಂಪ, ಸುನಾಮಿ, ಅಣುಸ್ಥಾವರದ ದುರಂತದ ನಂತರ ಹಿರಾತಾ ನಾಟಕಕ್ಕೆ ಇನ್ನೊಂದು ಭಾಗ ಸೇರಿಸಿದರು. ಹುಡುಗಿ ತೀರಿಕೊಂಡಿದ್ದಾಳೆ. ಕೆಲಸವಿಲ್ಲದೆ ಉಳಿದ ಆಂಡ್ರಾಯ್ಡನ್ನು ಫುಕುಶಿಮಾಗೆ ಕಳಿಸುವುದೆಂದು ತೀರ್ಮಾನವಾಗುತ್ತದೆ. ವಿಕಿರಣದಿಂದಾಗಿ ಅಲ್ಲಿಗೆ ಮನುಷ್ಯರು ಹೋಗುವಂತಿಲ್ಲ, ಸತ್ತವರಿಗಾಗಿ ಪ್ರಾರ್ಥಿಸುವವರೂ ಇಲ್ಲ. ಅಲ್ಲಿ ಅದು ಕವಿತೆ ಹೇಳಬೇಕು. ಸಾವನ್ನು ನೆನಪಿಸುತ್ತದೆ ಎಂದೇ ಯಾವ ಮುಖದಿಂದ ನಾವು ಕಣ್ಣು ತಿರುಗಿಸುತ್ತಿದ್ದೆವೋ, ಅದೇ ಮುಖಕ್ಕೆ ಹಿರಾತಾ ಸತ್ತವರ ನಡುವೆ ಒಂದು ಕೆಲಸ ಕೊಟ್ಟರು.